ಐವತ್ತರ ಹಬ್ಬ ಊರೂರಿಗೆ: ವಿಶ್ವವಿದ್ಯಾಲಯದ ಸುವರ್ಣ ಮಹೋತ್ಸವ ಗೆಲ್ಲಿಸುವ 13 ಸೂತ್ರಗಳು

ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿದ್ದು 1980ರ ಸೆಪ್ಟೆಂಬರ್ 10ರಂದು. 2030ರ ಅದೇ ದಿನಕ್ಕೆ ಅದಕ್ಕೆ ಐವತ್ತು ತುಂಬುತ್ತದೆ. ಕುರಕುಂಟಾ, ಸೇಡಂ ಕಡೆಯಿಂದ ಬಸ್ಸಿನಲ್ಲಿ ಕಲಬುರಗಿಗೆ ಹೋಗುವವರಿಗೆ ಪೇಟೆ ಸಿಗುವ ಮೊದಲೇ ಜ್ಞಾನಗಂಗಾ ಆವರಣ ಸಿಗುತ್ತದೆ. ಸೇಡಂ ರಸ್ತೆಯ ಮೇಲೆಯೇ ಇದೆ ಅದು. ನಮ್ಮ ಭಾಗದ ಸಾವಿರಾರು ಮನೆಗಳಲ್ಲಿ ಮೊದಲ ಪದವಿ ಬಂದದ್ದು ಅದರ ಹೆಸರಿನ ಮೇಲೆ.

ಹಿಂದೆ ಇಷ್ಟು ಹತ್ತಿರ ಇರಲಿಲ್ಲ. ಹೈದರಾಬಾದ್ ರಾಜ್ಯದಲ್ಲಿದ್ದಾಗ ನಮಗೆ ವಿಶ್ವವಿದ್ಯಾಲಯ ಎಂದರೆ 1918ರಲ್ಲಿ ಶುರುವಾದ ಉಸ್ಮಾನಿಯಾ. ನಿಜಾಮರ ಆಳ್ವಿಕೆ ಮುಗಿಯುವವರೆಗೆ ಅಲ್ಲಿ ಪಾಠ ಉರ್ದುವಿನಲ್ಲಿ. 1956ರ ಏಕೀಕರಣದ ನಂತರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ನಮ್ಮದಾಯಿತು. ಅದರ ಸ್ನಾತಕೋತ್ತರ ಕೇಂದ್ರ 1970ರಲ್ಲಿ ಕಲಬುರಗಿಗೆ ಬಂತು. ಹತ್ತು ವರ್ಷ ಕಳೆದ ಮೇಲೆ ಸ್ವಂತ ವಿಶ್ವವಿದ್ಯಾಲಯ. ಆಮೇಲೆ ಬಳ್ಳಾರಿ, ರಾಯಚೂರು, ಬೀದರಿಗೆ ಬೇರೆ ವಿಶ್ವವಿದ್ಯಾಲಯಗಳು ಬಂದವು, ಇದರ ಕಾರ್ಯಕ್ಷೇತ್ರ ಕಿರಿದಾಯಿತು. ಕ್ಷೇತ್ರ ಕಿರಿದಾದರೆ ತಾಲ್ಲೂಕುಗಳ ಮೇಲೆ ಹೆಚ್ಚು ನಿಗಾ ಇಡಬಹುದು. ಐವತ್ತರ ಹಬ್ಬಕ್ಕೆ ಅದೇ ಒಳ್ಳೆಯ ಅವಕಾಶ.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿದ್ದವು. ಹಾಗಾಗಿ ಆವರಣದೊಳಗಿನ ಒಂದು ದಿನದ ಸಮಾರಂಭಕ್ಕೆ ಈ ಮಹೋತ್ಸವ ಮುಗಿಯಬಾರದು. ಹಬ್ಬ ತಾಲ್ಲೂಕಿಗೆ ಬರಬೇಕು, ಹಳ್ಳಿಗೆ ಬರಬೇಕು, ಬಂದು ಏನಾದರೂ ಉಳಿಸಿ ಹೋಗಬೇಕು. ಅದಕ್ಕೆ ಈಗಿನಿಂದಲೇ ಕೈಹಾಕಬೇಕಾದ 13 ಸೂತ್ರಗಳು ಇಲ್ಲಿವೆ. ಕಾಲೇಜು, ಗ್ರಾಮ ಪಂಚಾಯಿತಿ, ಹಳೆ ವಿದ್ಯಾರ್ಥಿಗಳ ಬಳಗ ಯಾರು ಬೇಕಾದರೂ ಇವನ್ನು ಎತ್ತಿಕೊಳ್ಳಬಹುದು.

1. ಏನು ಉಳಿಯಬೇಕು ಎಂಬುದನ್ನು ಮೊದಲು ಬರೆಯಿರಿ

ಮೊದಲ ಸಭೆಯಲ್ಲಿ ಅತಿಥಿ ಯಾರು, ಪೆಂಡಾಲು ಎಲ್ಲಿ ಎಂಬ ಮಾತೇ ಬೇಡ. ಒಂದೇ ಪ್ರಶ್ನೆ ಎತ್ತಿರಿ: ಹಬ್ಬ ಮುಗಿದ ಮರುವರ್ಷ ನಮ್ಮೂರಲ್ಲಿ ಏನು ಇರಬೇಕು? ಉತ್ತರ ಕಣ್ಣಿಗೆ ಕಾಣುವಂಥದ್ದಾಗಲಿ. ‘ಶೈಕ್ಷಣಿಕ ಜಾಗೃತಿ’ ಎಂದು ಬರೆದರೆ ಯಾರೂ ಲೆಕ್ಕ ಕೇಳುವಂತಿಲ್ಲ. ‘ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಒಂದು ಕಪಾಟು, ವಾರಕ್ಕೊಂದು ಪಾಠ’ ಎಂದು ಬರೆದರೆ ಯಾರು ಬೇಕಾದರೂ ಹೋಗಿ ನೋಡಿ ಕೇಳಬಹುದು. ಹೀಗೆ ಮೂರು ಸಾಲು ಸಾಕು. ಮುಂದಿನ ಪ್ರತಿ ಸಭೆಯೂ ಆ ಮೂರು ಸಾಲು ಓದಿಯೇ ಶುರುವಾಗಲಿ. ಯಾವ ಕಾರ್ಯಕ್ರಮ ಆ ಮೂರರಲ್ಲಿ ಒಂದಕ್ಕೂ ನೆರವಾಗುವುದಿಲ್ಲವೋ ಅದನ್ನು ಧೈರ್ಯದಿಂದ ಕೈಬಿಡಿ.

2. ಸಮಿತಿ ಚಿಕ್ಕದಿರಲಿ, ಊರೆಲ್ಲ ಅದರಲ್ಲಿರಲಿ

ಐವತ್ತು ಹೆಸರಿನ ಸಮಿತಿ ಕರಪತ್ರಕ್ಕೆ ಚೆಂದ, ಕೆಲಸಕ್ಕೆ ಭಾರ. ತಾಲ್ಲೂಕಿಗೆ ಹತ್ತು ಹನ್ನೆರಡು ಜನ ಸಾಕು. ಆದರೆ ಅವರನ್ನು ಬೇರೆ ಬೇರೆ ಕಡೆಯಿಂದ ಆರಿಸಿ: ಪದವಿ ಕಾಲೇಜಿನ ಒಬ್ಬ ಅಧ್ಯಾಪಕರು, ಎನ್‌ಎಸ್‌ಎಸ್ ಅಧಿಕಾರಿ, ಹೈಸ್ಕೂಲಿನ ಒಬ್ಬ ಮಾಸ್ತರು, ಪಂಚಾಯಿತಿ ಪಿಡಿಒ, ಅರಿವು ಕೇಂದ್ರದ ಮೇಲ್ವಿಚಾರಕರು, ಸ್ವಸಹಾಯ ಸಂಘದ ಒಬ್ಬ ಅಕ್ಕ, ಒಬ್ಬ ತೊಗರಿ ಬೆಳೆಗಾರ, ಫ್ಯಾಕ್ಟರಿಯಿಂದ ನಿವೃತ್ತರಾದ ಒಬ್ಬರು, ಈಗ ಓದುತ್ತಿರುವ ಇಬ್ಬರು ವಿದ್ಯಾರ್ಥಿಗಳು. ಇಬ್ಬರಲ್ಲಿ ಒಬ್ಬಳು ಹುಡುಗಿ ಇರಲೇಬೇಕು. ಪ್ರತಿಯೊಬ್ಬರ ಹೆಸರಿನ ಮುಂದೆ ಒಂದೇ ಒಂದು ಕೆಲಸ, ಒಂದು ತಾರೀಖು. ಎನ್‌ಎಸ್‌ಎಸ್ 1969ರಲ್ಲಿ ಶುರುವಾದದ್ದೇ ವಿದ್ಯಾರ್ಥಿಗಳನ್ನು ಊರಿನ ಕೆಲಸಕ್ಕೆ ಜೋಡಿಸಲು. ಅದರ ಏಳು ದಿನಗಳ ವಿಶೇಷ ಶಿಬಿರಗಳನ್ನು ಮಹೋತ್ಸವದ ಊರುಗಳಲ್ಲೇ ಹಾಕಿದರೆ ಕೈಗಳಿಗೆ ಕೊರತೆ ಬರದು.

3. ತೊಗರಿ ರಾಶಿ ನೋಡಿ ತಾರೀಖು ಇಡಿ

ಸಂಸ್ಥಾಪನಾ ದಿನ ಸೆಪ್ಟೆಂಬರಿನಲ್ಲಿ ಬರುತ್ತದೆ. ಅದು ಮಳೆಗಾಲ. ಕಾಗಿಣಾ ತುಂಬಿದರೆ ಮಳಖೇಡದ ಕಡೆ ಓಡಾಟವೇ ನಿಲ್ಲುತ್ತದೆ. ಹಿಂಗಾರಿ ಜೋಳದ ಬಿತ್ತನೆಯ ತಯಾರಿಯೂ ಆಗಲೇ. ಡಿಸೆಂಬರಿನಲ್ಲಿ ತೊಗರಿ ಕೊಯ್ಲು, ರಾಶಿ. ಎಳ್ಳಮಾಸಿಗೆ ಊರಿಗೆ ಊರೇ ಹೊಲದಲ್ಲಿ ಚರಗ ಚೆಲ್ಲುತ್ತಿರುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಮಕ್ಕಳನ್ನು, ಮುದುಕರನ್ನು ಹೊರಗೆ ಕೂರಿಸುವುದೇ ತಪ್ಪು. ಹಾಗಾದರೆ ಉಳಿಯುವುದು ಜನವರಿ ನಡುವಿನಿಂದ ಫೆಬ್ರುವರಿ ಕೊನೆಯವರೆಗಿನ ಕಾಲ. ರಾಶಿ ಮುಗಿದಿರುತ್ತದೆ, ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಗಾಳಿ ತಂಪಿರುತ್ತದೆ.

ಕೊತ್ತಲ ಬಸವೇಶ್ವರ ಭಾರತೀಯ ಶಿಕ್ಷಣ ಸಮಿತಿ ತನ್ನ ಸುವರ್ಣ ಮಹೋತ್ಸವದ ಉತ್ಸವವನ್ನು ಸೇಡಂನಲ್ಲಿ ನಡೆಸಿದ್ದು 2025ರ ಜನವರಿ ಕೊನೆಯಿಂದ ಫೆಬ್ರುವರಿ ಮೊದಲ ವಾರದವರೆಗೆ. ತಾಲ್ಲೂಕು ಕೇಂದ್ರವೊಂದು ದಿನಗಟ್ಟಲೆ ದೊಡ್ಡ ಜನಸ್ತೋಮವನ್ನು ಸಂಭಾಳಿಸಬಲ್ಲದು ಎಂಬುದಕ್ಕೆ ಹೊರಗೆಲ್ಲೂ ಉದಾಹರಣೆ ಹುಡುಕಬೇಕಿಲ್ಲ. ಸೆಪ್ಟೆಂಬರ್ 10ರಂದು ಆವರಣದಲ್ಲಿ ದೀಪ ಹಚ್ಚಿ, ಊರ ಕಾರ್ಯಕ್ರಮಗಳನ್ನು ಆಮೇಲಿನ ಚಳಿಗಾಲಕ್ಕೆ ಇಟ್ಟುಕೊಳ್ಳಿ. ಪರೀಕ್ಷೆಯ ವೇಳಾಪಟ್ಟಿಯನ್ನೂ ಪಕ್ಕದಲ್ಲಿಟ್ಟು ನೋಡಿ. ಸೆಮಿಸ್ಟರ್ ಪರೀಕ್ಷೆಗೆ ತಾಗಿದ ಹಬ್ಬಕ್ಕೆ ವಿದ್ಯಾರ್ಥಿಗಳೇ ಬರುವುದಿಲ್ಲ.

4. ರೈಲು ಮಾರ್ಗವನ್ನೇ ಹಬ್ಬದ ದಾರಿ ಮಾಡಿ

ವಾಡಿ–ಸಿಕಂದರಾಬಾದ್ ರೈಲು ಮಾರ್ಗ 1874ರಷ್ಟು ಹಳೆಯದು. ವಾಡಿ, ಚಿತ್ತಾಪುರ, ಮಳಖೇಡ ರೋಡ್, ಸೇಡಂ, ಕುರಕುಂಟಾ ಒಂದೇ ಗೆರೆಯ ಮೇಲೆ ಸಾಲಾಗಿ ಕೂತಿವೆ. ಈ ಊರುಗಳಿಗೆ ಒಂದೊಂದು ವಿಷಯ ಹಂಚಿ: ವಾಡಿಗೆ ರೈಲು ಮತ್ತು ಸಿಮೆಂಟು, ಚಿತ್ತಾಪುರಕ್ಕೆ ಶಾಸನ, ಮಳಖೇಡಕ್ಕೆ ಕನ್ನಡ ಮತ್ತು ಗಣಿತ, ಸೇಡಂಗೆ ತೊಗರಿ ಮತ್ತು ಮಾರುಕಟ್ಟೆ, ಕುರಕುಂಟಾಕ್ಕೆ ದುಡಿಮೆಯ ನೆನಪು. ವಾಡಿಯಿಂದ ಕಲಬುರಗಿ ಕಡೆಗಿನ ಗೆರೆಯ ಮೇಲೆ ಶಹಾಬಾದ್ ಇದೆ, ಅದಕ್ಕೆ ಕಲ್ಲು. ರೈಲಿನ ದಾರಿಯಿಂದ ದೂರವಿರುವ ಚಿಂಚೋಳಿಗೆ ಕಾಡು. ವನ್ಯಜೀವಿಧಾಮ, ಚಂದ್ರಂಪಳ್ಳಿ ಜಲಾಶಯ ಇರುವ ತಾಲ್ಲೂಕಿಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ವಿಭಾಗಗಳೇ ಹೋಗಿ ಶಿಬಿರ ಹಾಕಲಿ. ಪ್ರತಿ ಊರಿಗೂ ತನ್ನದೇ ವಿಷಯ ಸಿಕ್ಕರೆ ಯಾರೂ ಯಾರನ್ನೂ ನಕಲು ಮಾಡಬೇಕಿಲ್ಲ, ಒಂದೂರಿನವರು ಇನ್ನೊಂದೂರಿಗೆ ನೋಡಲು ಹೋಗುತ್ತಾರೆ.

5. ಊರ ಹಬ್ಬದ ಮೊದಲ ದೀಪ ನಾಗಾವಿಯಲ್ಲಿ ಹಚ್ಚಿ

ನಮ್ಮಲ್ಲಿ ಉನ್ನತ ಶಿಕ್ಷಣ ಬಂದದ್ದು ಇತ್ತೀಚೆಗೆ ಎಂದು ನಂಬಿರುವ ಮಕ್ಕಳನ್ನು ಚಿತ್ತಾಪುರದ ಪಕ್ಕದ ನಾಗಾವಿಗೆ ಕರೆದುಕೊಂಡು ಹೋಗಿ. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ ಇಲ್ಲಿ ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯಾಕೇಂದ್ರವಿತ್ತು. ದಂಡನಾಯಕ ಮಧುಸೂದನನ ದತ್ತಿಯನ್ನು ಹೇಳುವ 1058ರ ಶಾಸನ ಅದರ ಒಳಗಿನ ವ್ಯವಸ್ಥೆಯನ್ನೇ ಬಿಡಿಸಿಡುತ್ತದೆ. ವೇದ ಕಲಿಯುವವರು, ಶಾಸ್ತ್ರ ಕಲಿಯುವವರು ಸೇರಿ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಇವರ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು. ಓದಿಸುವವರು ಎಷ್ಟು ಜನವೋ ಪುಸ್ತಕ ಕಾಯುವವರೂ ಅಷ್ಟೇ ಜನ. ಇವರೆಲ್ಲರ ಜೀವನಕ್ಕೆ ಭೂಮಿ ಬಿಟ್ಟಿದ್ದರು.

ಉದ್ಘಾಟನೆಯ ದಿನ ಶಾಸನ ಬಲ್ಲ ಅಧ್ಯಾಪಕರೊಬ್ಬರು ಅಲ್ಲಿಯೇ ನಿಂತು ಸಾಲು ಸಾಲಾಗಿ ಓದಿ, ಆಡುಮಾತಿನಲ್ಲಿ ಅರ್ಥ ಹೇಳಲಿ. ಅರ್ಧ ಗಂಟೆ ಸಾಕು. ಆಮೇಲೆ ಮಕ್ಕಳೇ ಲೆಕ್ಕ ಹಾಕಲಿ: ಅಂದು ಎಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಗ್ರಂಥಪಾಲಕ, ಇಂದು ನಮ್ಮ ಕಾಲೇಜಿನಲ್ಲಿ ಎಷ್ಟು ಜನಕ್ಕೆ ಒಬ್ಬರು? ಆ ಲೆಕ್ಕ ಯಾವ ಭಾಷಣಕ್ಕಿಂತಲೂ ಹೆಚ್ಚು ನಾಟುತ್ತದೆ.

6. ನಮ್ಮ ನೆಲದ ಪಂಡಿತರನ್ನು ಮಕ್ಕಳ ಕೈಗೆ ಕೊಡಿ

ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನ ‘ಕವಿರಾಜಮಾರ್ಗ’ ಹುಟ್ಟಿತು. ಅದೇ ರಾಜನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಕೋಟೆಯ ಬುಡದಲ್ಲಿ ಹಾರ ಹಾಕಿ ಫೋಟೊ ತೆಗೆಸಿಕೊಂಡು ಬರುವ ಬದಲು ಅಲ್ಲೊಂದು ಗಣಿತ ಹಬ್ಬ ಮಾಡಿ. ಮಹಾವೀರಾಚಾರ್ಯನ ಲೆಕ್ಕಗಳು ಕಥೆಯ ರೂಪದಲ್ಲಿವೆ. ಅದರ ಕನ್ನಡ ಅನುವಾದವೂ ಇದೆ. ಗಣಿತ ವಿಭಾಗದವರು ಹತ್ತು ಲೆಕ್ಕ ಆರಿಸಿ ಏಳನೇ ತರಗತಿಯ ಮಟ್ಟಕ್ಕೆ ತಂದುಕೊಡಲಿ. ಹತ್ತೂರಿನ ಮಕ್ಕಳು ಗುಂಪು ಗುಂಪಾಗಿ ಕೂತು ಬಿಡಿಸಲಿ.

ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ‘ರಾಯಾ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಹೆಸರು ಬರೆದ ಅಶೋಕನ ಶಿಲ್ಪವೇ ಸಿಕ್ಕಿತು. ಬ್ರಾಹ್ಮಿಯ ನಾಲ್ಕು ಅಕ್ಷರ ಕಲಿಸಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಆ ಹೆಸರನ್ನು ಅವರೇ ಓದುತ್ತಾರೆ. ಶಹಾಬಾದ್ ಹತ್ತಿರದ ಮರತೂರು ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರನ ಊರು. ಹಿಂದೂ ಕಾನೂನಿನ ಚರ್ಚೆಯಲ್ಲಿ ಇಂದಿಗೂ ಆ ಹೆಸರು ಬರುತ್ತದೆ. ಕಾನೂನು ವಿದ್ಯಾರ್ಥಿಗಳು ಒಂದು ದಿನ ಅಲ್ಲಿ ಕೂತು ಊರವರಿಗೆ ಆಸ್ತಿ ಪಾಲು, ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಉಚಿತ ಸಲಹೆ ಕೊಡಲಿ. ಆ ಊರಿಗೆ ಸಲ್ಲುವ ಗೌರವ ಅದಕ್ಕಿಂತ ಹೆಚ್ಚಿನದಿಲ್ಲ.

7. ಪ್ರಯೋಗಶಾಲೆಯನ್ನು ಸಂತೆಗೆ ತನ್ನಿ

ವಿಶ್ವವಿದ್ಯಾಲಯದ ವಿಭಾಗಗಳು ಊರಿನ ಪ್ರಶ್ನೆಗೆ ಉತ್ತರ ಕೊಟ್ಟಾಗ ಜನ ತಾವಾಗಿಯೇ ಬರುತ್ತಾರೆ. ಸಂತೆಯ ದಿನ ಮೂರು ಮೇಜು ಹಾಕಿ. ಒಂದರಲ್ಲಿ ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಬೋರ್‌ವೆಲ್ ನೀರಿನ ಗಡಸುತನ, ಫ್ಲೋರೈಡ್ ನೋಡಿ ಚೀಟಿ ಬರೆದುಕೊಡಲಿ. ಸುಣ್ಣದ ಕಲ್ಲಿನ ಸೀಮೆಯಲ್ಲಿ ಕೊಡದ ತಳಕ್ಕೆ ಬಿಳಿ ಪದರ ಯಾಕೆ ಕಟ್ಟುತ್ತದೆ ಎಂದು ಹೆಣ್ಣುಮಕ್ಕಳು ಕೇಳಿಯೇ ಕೇಳುತ್ತಾರೆ. ಇನ್ನೊಂದರಲ್ಲಿ ತೊಗರಿಯ ನೆಟೆ ರೋಗ, ಬೀಜೋಪಚಾರ. ಇದಕ್ಕೆ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕರೆಯಿರಿ. ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಅದರಿಂದ ರೈತನಿಗೆ ಏನು ಲಾಭ, ಹೇಗೆ ನೋಂದಾಯಿಸಬೇಕು ಎಂಬುದನ್ನು ವಾಣಿಜ್ಯ ವಿಭಾಗದವರು ಹೇಳಲಿ. ಮೂರನೆಯದರಲ್ಲಿ ಕಲ್ಲು: ಕೋಟ್ಯಂತರ ವರ್ಷ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣವೇ ಇಂದಿನ ಶಹಾಬಾದ್ ಫರ್ಸಿ, ಅದೇ ಬಗೆಯ ಕಲ್ಲೇ ವಾಡಿ, ಮಳಖೇಡ, ಸೇಡಂ ಸಿಮೆಂಟಿನ ಮೂಲ. ಫರ್ಸಿ ಸೀಳುವ ಕೆಲಸಗಾರರನ್ನೇ ಕರೆದು ಪದರ ಬಿಡಿಸಿ ತೋರಿಸಲು ಹೇಳಿ. ಅಂದು ಅವರೇ ಅಧ್ಯಾಪಕರು.

8. ಕಾರ್ಖಾನೆಯ ನೆನಪನ್ನು ದಾಖಲಿಸಿ, ಇನ್ನು ತಡಮಾಡಬೇಡಿ

ಕುರಕುಂಟಾದ ಸಿಸಿಐ ಸಿಮೆಂಟ್ ಕಾರ್ಖಾನೆ 1970ರ ದಶಕದಲ್ಲಿ ಶುರುವಾಗಿ 1990ರ ದಶಕದ ಕೊನೆಗೆ ನಿಂತಿತು. ಒಂದು ಊರಿಗೆ ಸೈರನ್ನು, ಪಾಳಿ, ಕ್ವಾರ್ಟರ್ಸು, ಶಾಲೆ, ಸಂಬಳದ ದಿನದ ಸಂತೆ ಎಲ್ಲ ಕೊಟ್ಟ ಕಾರ್ಖಾನೆ ಅದು. ಶಹಾಬಾದಿನಲ್ಲಿ ಎಬಿಎಲ್ ಕಾರ್ಖಾನೆಯದೂ ದೊಡ್ಡ ಕಥೆ. ಅಲ್ಲಿ ದುಡಿದ ಹಿರಿಯರು ಈಗ ಎಪ್ಪತ್ತು ದಾಟಿದ್ದಾರೆ. ಅವರ ಕೂಲಿಯಿಂದಲೇ ಮಕ್ಕಳು ಪದವಿ ಓದಿದರು. ವಿಶ್ವವಿದ್ಯಾಲಯದ ಚರಿತ್ರೆ ಬರೆಯುವಾಗ ಈ ಮನೆಗಳ ಚರಿತ್ರೆಯೂ ಅದರೊಳಗೆ ಬರಬೇಕು.

ಮಾಡುವ ಕ್ರಮ ಸುಲಭ. ಇಬ್ಬರು ವಿದ್ಯಾರ್ಥಿಗಳು, ಒಂದು ಮೊಬೈಲು. ಫ್ಯಾನು, ಟಿವಿ ಬಂದ್ ಮಾಡಿ. ಮೊದಲು ಒಪ್ಪಿಗೆ ಕೇಳಿ, ಆ ಒಪ್ಪಿಗೆಯನ್ನೂ ರೆಕಾರ್ಡ್ ಮಾಡಿ. ‘ನಿಮ್ಮ ಅನುಭವ ಹೇಳ್ರಿ’ ಎಂದರೆ ಮಾತು ಬರುವುದಿಲ್ಲ. ‘ಅಜ್ಜಾ, ಫ್ಯಾಕ್ಟರಿಗೆ ಮೊದಲ ದಿನ ಹೋದಾಗ ಕೈಗೆ ಏನು ಕೆಲಸ ಕೊಟ್ರು?’, ‘ಮೊದಲ ಸಂಬಳದಾಗ ಮನಿಗೆ ಏನು ತಂದ್ರಿ?’, ‘ಅಮ್ಮಾ, ರಾತ್ರಿ ಪಾಳಿ ಇದ್ದಾಗ ಡಬ್ಬಿಗೆ ಏನು ಕಟ್ತಿದ್ರಿ?’ ಎಂದು ಕೇಳಿ. ಮಾತು ಹರಿಯುತ್ತದೆ. ನಡುವೆ ಬಾಯಿ ಹಾಕಬೇಡಿ. ಅವರು ಸುಮ್ಮನಾದರೆ ನೀವೂ ಸ್ವಲ್ಪ ಹೊತ್ತು ಸುಮ್ಮನಿರಿ. ಮನೆಗೆ ಬಂದ ಕೂಡಲೇ ಕಡತಕ್ಕೆ ಊರು, ತಾರೀಖು, ವಿಷಯ ಬರೆದು ಹೆಸರಿಡಿ. ಒಂದು ಪ್ರತಿ ಕಾಲೇಜಿಗೆ, ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ, ಒಂದು ಆ ಮನೆಯವರಿಗೆ. ಈ ಒಂದು ಸೂತ್ರಕ್ಕೆ ಮಾತ್ರ 2030ರವರೆಗೆ ಕಾಯಬೇಡಿ.

9. ಹಳೆ ವಿದ್ಯಾರ್ಥಿಗಳಿಂದ ಮೊದಲು ಸಮಯ ಕೇಳಿ

ಹಳೆ ವಿದ್ಯಾರ್ಥಿಗಳು ನೆನಪಾಗುವುದು ರಸೀದಿ ಪುಸ್ತಕ ಅಚ್ಚಾದ ಮೇಲೆ ಎಂಬ ಅಭ್ಯಾಸ ಬಿಡೋಣ. ಮೊದಲು ಊರುವಾರು ಪಟ್ಟಿ ಮಾಡಿ: ನಮ್ಮೂರಿನಿಂದ ಯಾವ ವರ್ಷ ಯಾರು ಯಾವ ಪದವಿ ಪಡೆದರು? ಮನೆಯಲ್ಲಿ ಮೊದಲು ಓದಿದವರು ಯಾರು, ಊರಿನ ಮೊದಲ ಪದವೀಧರೆ ಯಾರು? ಹೈದರಾಬಾದು, ಪುಣೆ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿ ನೆಲೆಸಿದವರನ್ನು ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿ. ಆಮೇಲೆ ಅವರ ಬಳಿ ಎರಡು ಗಂಟೆ ಕೇಳಿ. ಊರ ಹೈಸ್ಕೂಲಿನಲ್ಲಿ ಒಂದು ಪಾಠ, ಪಿಯುಸಿ ಹುಡುಗನಿಗೆ ಫೋನಿನಲ್ಲಿ ಒಂದು ಸಲಹೆ, ಡಿಗ್ರಿ ಮುಗಿಸಿದ ಹುಡುಗಿಗೆ ಒಂದು ಸಂದರ್ಶನದ ತಾಲೀಮು. ಸಂವಿಧಾನದ 371ಜೆ ವಿಧಿಯಡಿ ನಮ್ಮ ಭಾಗಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ಇದೆ. ಅದರ ಪ್ರಮಾಣಪತ್ರ ಹೇಗೆ ಪಡೆಯಬೇಕು, ಅರ್ಜಿಯಲ್ಲಿ ಎಲ್ಲಿ ತೋರಿಸಬೇಕು ಎಂದು ಪಡೆದವರೇ ಹೇಳಿಕೊಟ್ಟರೆ ಎಷ್ಟೋ ಮಕ್ಕಳ ವರ್ಷ ಉಳಿಯುತ್ತದೆ. ಸಮಯ ಕೊಟ್ಟವರು ಹಣವನ್ನೂ ಕೊಡುತ್ತಾರೆ.

10. ಕೊನೆಯ ಬಸ್ಸಿನ ಮೊದಲು ಕಾರ್ಯಕ್ರಮ ಮುಗಿಸಿ

ಚಿಕ್ಕ ಮಾತು ಎನಿಸಬಹುದು. ಆದರೆ ಹೆಣ್ಣುಮಕ್ಕಳು ಬರುತ್ತಾರೋ ಇಲ್ಲವೋ ಎಂಬುದು ಇದರ ಮೇಲೆ ನಿಂತಿದೆ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಬಸ್ ಡಿಪೊಗೆ ಹೋಗಿ ವೇಳೆ ಬರೆದುಕೊಂಡು ಬನ್ನಿ. ಪತ್ರಿಕೆಯಲ್ಲಿ ಅತಿಥಿಗಳ ಹೆಸರಿನ ಕೆಳಗೆ ಮರಳುವ ಬಸ್ಸು, ರೈಲಿನ ವೇಳೆ ಅಚ್ಚು ಹಾಕಿಸಿ. ಹೆಚ್ಚು ಜನ ಬರುವ ದಿನ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಮೊದಲೇ ಅರ್ಜಿ ಕೊಟ್ಟು ಹೆಚ್ಚುವರಿ ಬಸ್ಸು ಕೇಳಿ. ಜಾತ್ರೆಗೆ ಬಿಡುವ ಬಸ್ಸನ್ನು ವಿದ್ಯೆಯ ಹಬ್ಬಕ್ಕೂ ಕೇಳಬಹುದು. ಕುಡಿಯುವ ನೀರು, ಶುಚಿಯಾದ ಶೌಚಾಲಯ, ಗಾಲಿಕುರ್ಚಿ ಹತ್ತುವ ಇಳಿಜಾರು ಇವು ವೇದಿಕೆಯ ಅಲಂಕಾರಕ್ಕಿಂತ ಮೊದಲ ಪಟ್ಟಿಯಲ್ಲಿರಲಿ.

11. ಎಲ್ಲ ಮಾತಿಗೂ ವೇದಿಕೆ, ಎಲ್ಲ ಭಾಷಣಕ್ಕೂ ಮಿತಿ

ಕುರಕುಂಟಾದಿಂದ ತೆಲಂಗಾಣದ ಗಡಿ ದೂರವಿಲ್ಲ, ತೆಲುಗು ಮನೆಮಾತಾದವರು ಬೇಕಾದಷ್ಟು. ಶಹಾಬಾದ್, ವಾಡಿಯಲ್ಲಿ ಉರ್ದು. ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ. ಕಾರ್ಯಕ್ರಮದ ಬೆನ್ನೆಲುಬು ಕನ್ನಡವಾಗಿರಲಿ, ಆದರೆ ಉರ್ದು ಶಾಯರಿ, ಲಂಬಾಣಿ ಹಾಡು, ತತ್ವಪದ, ಮೊಹರಮ್ಮಿನ ರಿವಾಯತ್ ಪದ ಒಂದೇ ಸಂಜೆ ಒಂದೇ ವೇದಿಕೆಗೆ ಬರಲಿ. ತಾಂಡಾದ ಅಜ್ಜಿಯ ಹಾಡಿಗೆ ಚಪ್ಪಾಳೆ ಬಿದ್ದ ದಿನ ಅವಳ ಮೊಮ್ಮಗಳಿಗೆ ಕಾಲೇಜು ಬೇರೆಯವರದು ಅನ್ನಿಸುವುದಿಲ್ಲ.

ಭಾಷಣಗಳಿಗೆ ನಿಯಮ ಇಡಿ: ವೇದಿಕೆಯ ಮೇಲೆ ಐದು ಕುರ್ಚಿ, ಒಬ್ಬೊಬ್ಬರಿಗೆ ಏಳು ನಿಮಿಷ, ಶಾಲು ಹಾರ ಇಲ್ಲ. ಹಾರದ ಬದಲು ವಿಶ್ವವಿದ್ಯಾಲಯದ ಪ್ರಸಾರಾಂಗದ ಒಂದು ಪುಸ್ತಕ ಕೊಡಿ. ಇದನ್ನು ಆಹ್ವಾನದಲ್ಲೇ ನಮ್ರವಾಗಿ ಬರೆದುಬಿಟ್ಟರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಊಟದ ಹೊಣೆ ಊರಿನ ಸ್ವಸಹಾಯ ಸಂಘಕ್ಕೆ ಕೊಡಿ. ಖಡಕ್ ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆ, ಶೇಂಗಾ ಹಿಂಡಿ ಸಾಕು. ಹಬ್ಬದ ಖರ್ಚು ಊರಿನ ಹೆಣ್ಣುಮಕ್ಕಳ ಕೈಸೇರಲಿ.

12. ದೊಡ್ಡವರಿಂದ ಕಲಿಯಿರಿ, ನೆರೆಯವರನ್ನು ಕರೆಯಿರಿ, ಲೆಕ್ಕವನ್ನು ಗೋಡೆಗೆ ಹಚ್ಚಿ

ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಶುರುವಾಯಿತು. ಅದರ ಶತಮಾನೋತ್ಸವದ ಹೊತ್ತಿಗೆ, 2016ರ ಜನವರಿಯಲ್ಲಿ, 103ನೇ ಭಾರತೀಯ ವಿಜ್ಞಾನ ಸಮಾವೇಶವೇ ಅದರ ಅಂಗಳದಲ್ಲಿ ನಡೆಯಿತು. ರಾಜ್ಯ, ರಾಷ್ಟ್ರ ಮಟ್ಟದ ಸಮ್ಮೇಳನವೊಂದನ್ನು ನಮ್ಮ ಐವತ್ತಕ್ಕೂ ಈಗಲೇ ಕೇಳಿಟ್ಟುಕೊಳ್ಳಬಹುದು. ಆದರೆ ಮೈಸೂರಿನಿಂದ ಕಲಿಯಬೇಕಾದ ಇನ್ನೂ ದೊಡ್ಡ ಪಾಠ 1930ರ ದಶಕದ್ದು. ಆಗ ಅಲ್ಲಿನ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ವಿಜ್ಞಾನ, ಆರೋಗ್ಯ, ಚರಿತ್ರೆಯ ಬಗ್ಗೆ ಉಪನ್ಯಾಸ ಕೊಟ್ಟರು. ಆ ಉಪನ್ಯಾಸಗಳು ಕಡಿಮೆ ಬೆಲೆಯ ಕಿರುಹೊತ್ತಗೆಗಳಾದವು. ಅದೇ ಮಾದರಿಯಲ್ಲಿ ನಮ್ಮ ಪ್ರಸಾರಾಂಗ ಐವತ್ತು ಊರಿನಲ್ಲಿ ಐವತ್ತು ಉಪನ್ಯಾಸ ಮಾಡಿಸಿ ಐವತ್ತು ಕಿರುಪುಸ್ತಕ ತರಲಿ.

1958ರಿಂದ ಕಾಲೇಜು ಕಟ್ಟುತ್ತ ಬಂದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, 2009ರಲ್ಲಿ ಸ್ಥಾಪನೆಯಾಗಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಶರಣಬಸವ ವಿಶ್ವವಿದ್ಯಾಲಯ ಎಲ್ಲರಿಗೂ ಒಂದೊಂದು ದಿನ ಒಪ್ಪಿಸಿ. ಧಾರವಾಡ, ಉಸ್ಮಾನಿಯಾ ವಿಶ್ವವಿದ್ಯಾಲಯಗಳಿಂದಲೂ ಹಿರಿಯರನ್ನು ಕರೆಯಿರಿ. ನಮ್ಮ ಅಜ್ಜಂದಿರು ಓದಿದ ಮನೆಗಳು ಅವು.

ಹಣದ ಮಾತು: ಬಂದದ್ದನ್ನು ಮೂರು ಪಾಲು ಮಾಡಿ. ಒಂದು ಪಾಲು ಕಾರ್ಯಕ್ರಮಕ್ಕೆ, ಎರಡು ಪಾಲು ಉಳಿಯುವ ಕೆಲಸಕ್ಕೆ. ತಿಂಗಳಿಗೊಮ್ಮೆ ಜಮಾಖರ್ಚನ್ನು ಪಂಚಾಯಿತಿ ಫಲಕದ ಮೇಲೆ ಹಚ್ಚಿ. ಕಂಪನಿಗಳ ಸಿಎಸ್‌ಆರ್ ಹಣ ಕೇಳುವುದಾದರೆ ಹಾಳೆಯ ಮೇಲೆ ಕೆಲಸ, ಮೊತ್ತ, ಮುಗಿಯುವ ತಾರೀಖು ಮೂರನ್ನೂ ಬರೆದುಕೊಂಡು ಹೋಗಿ. ಲೆಕ್ಕ ತೆರೆದಿಟ್ಟ ಸಮಿತಿಗೆ ಎರಡನೇ ಸಲ ಕೇಳುವ ಧೈರ್ಯ ಇರುತ್ತದೆ.

13. ಪ್ರತಿ ಪಂಚಾಯಿತಿಗೆ ಒಬ್ಬ ಸರಸ್ವತೀ ಭಂಡಾರಿಗ

ಎಲ್ಲ ಸೂತ್ರಗಳೂ ಬಂದು ಸೇರಬೇಕಾದದ್ದು ಇಲ್ಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಕೋಣೆ ಇದೆ, ಹೆಸರಿದೆ. ಓದುವ ಮಕ್ಕಳನ್ನು ಅಲ್ಲಿಗೆ ತಂದು ಕೂರಿಸುವ ಕೈ ಬೇಕು. ಮಹೋತ್ಸವದ ಹೆಸರಿನಲ್ಲಿ ಪ್ರತಿ ಅರಿವು ಕೇಂದ್ರಕ್ಕೆ ಒಂದು ಪದವಿ ಕಾಲೇಜನ್ನು ಜೋಡಿಸಿ. ಆ ಕಾಲೇಜಿನ ಒಬ್ಬ ವಿದ್ಯಾರ್ಥಿ ವರ್ಷವಿಡೀ, ವಾರಕ್ಕೊಂದು ಸಂಜೆ ಅಲ್ಲಿ ಕೂರಲಿ. ಚಿಕ್ಕ ಮಕ್ಕಳಿಗೆ ಓದಿ ಹೇಳುವುದು, ಪಿಯುಸಿ ಮಕ್ಕಳ ಅರ್ಜಿ ತುಂಬಿಸುವುದು, ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಫಲಕದ ಮೇಲೆ ಬರೆಯುವುದು ಅವನ ಕೆಲಸ. ಪ್ರಸಾರಾಂಗದ ಪುಸ್ತಕಗಳು, ನೀವು ದಾಖಲಿಸಿದ ಹಿರಿಯರ ಧ್ವನಿಗಳು, ಊರಿನ ಪದವೀಧರರ ಪಟ್ಟಿ ಮೂರೂ ಆ ಕಪಾಟಿನಲ್ಲಿರಲಿ. ವರ್ಷ ಪೂರ್ತಿ ತಪ್ಪದೆ ಬಂದ ವಿದ್ಯಾರ್ಥಿಗೆ ಘಟಿಕೋತ್ಸವದ ದಿನ ವಿಶ್ವವಿದ್ಯಾಲಯವೇ ಪ್ರಮಾಣಪತ್ರ ಕೊಡಲಿ. ಚಿನ್ನದ ಪದಕದಷ್ಟೇ ಮರ್ಯಾದೆ ಅದಕ್ಕೂ ಸಿಗಲಿ.

ಸುವರ್ಣ ಮಹೋತ್ಸವ ಗೆದ್ದಿತೋ ಇಲ್ಲವೋ ಎಂಬುದನ್ನು 2031ರ ಸೆಪ್ಟೆಂಬರ್ 10ರಂದು ಅಳೆಯಿರಿ. ಅಂದು ಸಂಜೆ ಸಮಿತಿಯ ಎಲ್ಲರೂ ಒಂದೊಂದು ಅರಿವು ಕೇಂದ್ರಕ್ಕೆ ಹೋಗಲಿ. ಕಳೆದ ತಿಂಗಳು ಎಷ್ಟು ಪುಸ್ತಕ ಹೊರಗೆ ಹೋದವು, ಎಷ್ಟು ಮಕ್ಕಳು ಬಂದರು, ಎಷ್ಟು ಅರ್ಜಿ ತುಂಬಿಸಲಾಯಿತು ಎಂದು ರಿಜಿಸ್ಟರ್ ತೆಗೆಸಿ ನೋಡಲಿ. ಆ ಅಂಕಿಗಳನ್ನು ಕುಲಪತಿಗಳಿಗೂ ಪಂಚಾಯಿತಿಗೂ ಬರೆದು ಕಳಿಸಲಿ. ಕಡಿಮೆ ಇದ್ದ ಕಡೆ ಮರುದಿನವೇ ಒಬ್ಬ ವಿದ್ಯಾರ್ಥಿಯನ್ನು ಹೆಚ್ಚಿಗೆ ಹಾಕಲಿ. ಇದಕ್ಕೆಲ್ಲ ಮೊದಲ ಹೆಜ್ಜೆಗೆ ಯಾರ ಆದೇಶವೂ ಬೇಕಿಲ್ಲ: ಈ ವಾರವೇ ನಿಮ್ಮೂರಿನ ಅರಿವು ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರನ್ನೂ ಒಬ್ಬ ಮಾಸ್ತರನ್ನೂ ಒಬ್ಬ ವಿದ್ಯಾರ್ಥಿನಿಯನ್ನೂ ಕೂರಿಸಿಕೊಂಡು ಆ ಮೂರು ಸಾಲು ಬರೆಯಿರಿ.